ಗುಂಡಿ ತೋಡಿದ ಕೈಗಳಿಗೆ ಗುಂಡಿ ಮುಚ್ಚಿದ ಮೇಲೂ ಕೆಲಸ ಕೊಡಿ

ಇವರಿಗೆ,
ಸಮುದಾಯ ಕುಡಿಯುವ ನೀರಿನ ಯೋಜನೆಗಳಿಗೆ ಹಣ ಒದಗಿಸುವ ಸಂಸ್ಥೆಗಳ ಮುಖ್ಯಸ್ಥರು,
ಅವನ್ನು ರೂಪಿಸುವ ಇಲಾಖೆಗಳ ಅಧಿಕಾರಿಗಳು,
ಅವನ್ನು ನಡೆಸುವ ಸ್ಥಳೀಯ ಆಡಳಿತಗಳ ಸದಸ್ಯರು.

ವಿಷಯ: ನೀರಿನ ಯೋಜನೆಗಳ ಹೆಸರಿನಲ್ಲಿ ಯುವಜನರಿಗೆ ಘೋಷಿಸುವ ಉದ್ಯೋಗಗಳ ಕುರಿತು.

ಮಾನ್ಯರೇ,

ನೀರಿನ ಯೋಜನೆಯೊಂದು ಮಂಜೂರಾದಾಗ ಹೊರಡುವ ಪ್ರಕಟಣೆಯಲ್ಲಿ ಎರಡು ಅಂಕಿಗಳು ತಪ್ಪದೆ ಇರುತ್ತವೆ. ಎಷ್ಟು ಮನೆಗಳಿಗೆ ನೀರು, ಎಷ್ಟು ಯುವಜನರಿಗೆ ಉದ್ಯೋಗ. ಮೊದಲನೆಯದನ್ನು ನಲ್ಲಿ ತಿರುಗಿಸಿ ನೋಡಿ ಪರೀಕ್ಷಿಸಬಹುದು. ಎರಡನೆಯದನ್ನು ಆರು ತಿಂಗಳು ಕಳೆದ ಮೇಲೆ ಹೋಗಿ ಎಣಿಸಿದವರು ಕಡಿಮೆ. ಪಂಪು ಇಳಿಸುವುದು, ಪೈಪು ಜೋಡಿಸುವುದು, ಟ್ಯಾಂಕಿಗೆ ಕ್ಲೋರಿನ್ ಹಾಕುವುದು, ಈ ಕೆಲಸಗಳನ್ನು ಹೊಸಬರಿಗೆ ಕಲಿಸುವುದು ನಮ್ಮ ವೃತ್ತಿ. ಆ ಎಣಿಕೆ ನಮಗೆ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ.

ಉದ್ಯೋಗವೆಂದು ಕಾಗದದಲ್ಲಿ ಕಾಣುವುದರಲ್ಲಿ ಬಹುಪಾಲು ಪೈಪಿನ ಟ್ರೆಂಚ್ ತೋಡುವ ಕೂಲಿ. ಮೂರು ತಿಂಗಳು, ಹಿಗ್ಗಿಸಿದರೆ ಆರು. ಗುಂಡಿ ಮುಚ್ಚಿ, ಬಿಲ್ಲು ಪಾಸಾಗಿ, ಗುತ್ತಿಗೆದಾರ ಯಂತ್ರ ಕಟ್ಟಿಕೊಂಡು ಹೊರಟ ದಿನ ಆ ಹುಡುಗರ ಉದ್ಯೋಗವೂ ಮುಗಿಯಿತು. ಅದೇ ದಿನದಿಂದ ಯೋಜನೆಗೆ ನಿಜವಾದ ಕೆಲಸಗಾರರ ಅಗತ್ಯ ಶುರು. ನೀವು ಉದ್ಯೋಗವನ್ನು ಹುಡುಕುತ್ತಿರುವುದು ಯೋಜನೆಯ ತಪ್ಪು ತುದಿಯಲ್ಲಿ. ನಮ್ಮ ದೂರು ಅಷ್ಟೇ. ಉಳಿದದ್ದೆಲ್ಲ ಅದರ ವಿವರ.

ಟ್ರೆಂಚ್‌ನಿಂದಲೇ ಹೇಳುತ್ತೇವೆ. ವಾಹನ ಓಡಾಡುವ ಕಡೆ ಪೈಪಿನ ಮೇಲೆ ಒಂದು ಮೀಟರಿನಷ್ಟಾದರೂ ಮಣ್ಣು ಕೂರಬೇಕು. ತಳದಲ್ಲಿ ಹತ್ತು ಸೆಂಟಿಮೀಟರ್ ಮರಳಿನ ಹಾಸು ಇರಬೇಕು. ಪಿವಿಸಿ ಜಾಯಿಂಟಿಗೆ ಹಚ್ಚಿದ ಸಾಲ್ವೆಂಟ್ ಸಿಮೆಂಟು ಎಂಬ ಅಂಟು ಒಂದು ದಿನವಾದರೂ ಒಣಗಬೇಕು. ಆಮೇಲೆ ಜಾಯಿಂಟುಗಳನ್ನು ಮುಚ್ಚದೆ ಹಾಗೆಯೇ ಬಿಟ್ಟು, ದಿನನಿತ್ಯದ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ನೀರು ತುಂಬಿ ನೋಡಿ, ಸೋರದಿದ್ದರೆ ಮಾತ್ರ ಮಣ್ಣು ಮುಚ್ಚಬೇಕು. ದಿನ ಹೋದಂತೆ ಅವಸರ ಹೆಚ್ಚುತ್ತದೆ. ಬೆಳಿಗ್ಗೆ ಅಂಟಿಸಿದ ಪೈಪನ್ನು ಮಧ್ಯಾಹ್ನ ಮುಚ್ಚುತ್ತಾರೆ, ತೋಡಿದ ಕಲ್ಲನ್ನೇ ಪೈಪಿನ ಮೇಲೆ ಸುರಿಯುತ್ತಾರೆ. ಮೇಲೆ ಲಾರಿ ಓಡಾಡಿದಂತೆಲ್ಲ ಆ ಕಲ್ಲಿನ ಮೂಲೆ ಪೈಪನ್ನು ಕೊರೆಯುತ್ತದೆ. ಎರಡನೇ ವರ್ಷ ರಸ್ತೆಯ ನಡುವೆ ಒದ್ದೆ ಕಲೆ ಕಾಣಿಸಿಕೊಳ್ಳುತ್ತದೆ.

ಆಗ ಏಳುವ ಮೊದಲ ಪ್ರಶ್ನೆ: ಪೈಪು ಎಲ್ಲಿ ಹೋಗಿದೆ? ಕಚೇರಿಯಲ್ಲಿರುವ ನಕ್ಷೆ ಯೋಜನೆ ಬರೆದಾಗಿನದು. ಬಂಡೆ ಸಿಕ್ಕಿತೆಂದು ಎರಡು ಮೀಟರ್ ಎಡಕ್ಕೆ ಸರಿಸಿದ್ದು, ವಾಲ್ವ್ ಸಾಲದೆಂದು ಒಂದು ಕವಲಿಗೆ ವಾಲ್ವ್ ಇಡದೇ ಬಿಟ್ಟದ್ದು ಅದರಲ್ಲಿಲ್ಲ. ಇದೆಲ್ಲ ಗೊತ್ತಿರುವುದು ಗುಂಡಿ ತೋಡಿದ ಹುಡುಗನಿಗೆ. ಅವನು ಈಗ ಬೇರೆಲ್ಲೋ ಕಟ್ಟಡದ ಕೆಲಸದಲ್ಲಿದ್ದಾನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಅವನನ್ನು ಕಳಿಸಿದ್ದಾಗಿದೆ. ಈ ಹೊಳೆಯನ್ನು ಮಾತ್ರ ವರ್ಷಕ್ಕೆ ಹತ್ತು ಸಲ ದಾಟಬೇಕು! ಹಾಗಾಗಿ ಒಂದು ಒದ್ದೆ ಕಲೆಗೆ ನಾಲ್ಕು ಕಡೆ ರಸ್ತೆ ಅಗೆಯುತ್ತಾರೆ, ಕವಲಿಗೆ ವಾಲ್ವ್ ಇಲ್ಲದ ಕಾರಣ ಒಂದು ಬೀದಿಯ ರಿಪೇರಿಗೆ ಇಡೀ ಊರಿನ ನೀರು ನಿಲ್ಲಿಸುತ್ತಾರೆ.

ಆದ್ದರಿಂದ ನಮ್ಮ ಮೊದಲ ಕೋರಿಕೆ. ಟ್ರೆಂಚ್ ತೋಡುವ ತಂಡವನ್ನು ಆರಿಸುವಾಗಲೇ, ಅದರಲ್ಲಿ ಮುಂದೆ ಯೋಜನೆಯನ್ನು ನಡೆಸಬೇಕಾದವರನ್ನೂ ಗುರುತಿಸಿ. ಪ್ರತಿ ಜಾಯಿಂಟು ಕೂಡಿಸುವಾಗ, ಪ್ರತಿ ವಾಲ್ವ್ ಇಡುವಾಗ ಅವರು ಅಲ್ಲಿರಬೇಕು. ಎರಡು ಸ್ಥಿರ ಗುರುತುಗಳಿಂದ, ಅಂದರೆ ಒಂದು ಗೋಡೆಯ ಮೂಲೆಯಿಂದ ಮತ್ತು ಒಂದು ಕಂಬದಿಂದ, ಟೇಪು ಹಿಡಿದು ಅಳೆದು ಬರೆದುಕೊಳ್ಳಲಿ. ಈ ಪುಸ್ತಕ ಕೈಗೆ ಬರದೆ ಕೊನೆಯ ಕಂತಿನ ಬಿಲ್ಲು ಪಾಸಾಗಬಾರದು.

ಕೈಪಂಪುಗಳ ವಿಷಯಕ್ಕೆ ಬರೋಣ. ಇವು ಹಳೆಯ ಕಾಲದವು ಎಂದು ಮೂಗು ಮುರಿಯುವವರಿದ್ದಾರೆ, ಆದರೆ ಜಗತ್ತಿನ ಕೋಟ್ಯಂತರ ಜನ ಇಂದಿಗೂ ಇವನ್ನೇ ನಂಬಿದ್ದಾರೆ. 1970ರ ದಶಕದಲ್ಲಿ ಯುನಿಸೆಫ್ ನೆರವಿನೊಂದಿಗೆ ಭಾರತದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಪಂಪು ಆಫ್ರಿಕಾದ ಹಲವು ದೇಶಗಳನ್ನೂ ಮುಟ್ಟಿತು. ಗಟ್ಟಿಮುಟ್ಟಾದ ಪಂಪು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಎಲ್ಲಿ ಎಂದರೆ, ಪಿಸ್ಟನ್ನಿನ ಸುತ್ತ ಕೂತು ನೀರು ಸೋರದಂತೆ ತಡೆಯುವ, ಅಂಗೈಯಲ್ಲಿ ಹಿಡಿಸುವ ಒಂದು ಕಪ್ ವಾಷರ್ ಸವೆದರೂ ಬಾವಿಯೊಳಗಿನ ಪೈಪನ್ನೆಲ್ಲ ಮೇಲೆತ್ತಬೇಕು. ಪಿಸ್ಟನ್ ಆಡುವ ಸಿಲಿಂಡರ್ 30 ಮೀಟರ್ ಆಳದಲ್ಲಿದ್ದರೆ ಮೂರು ಮೀಟರಿನ ಹತ್ತು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಪೈಪು. ಪೈಪು, ಒಳಗಿನ 12 ಮಿಲಿಮೀಟರ್ ರಾಡು, ತುಂಬಿದ ನೀರು ಎಲ್ಲ ಸೇರಿ ಸುಮಾರು 150 ಕಿಲೋ ತೂಕ. ಕ್ಲಾಂಪು ಸರಿಯಾಗಿ ಕಚ್ಚದೆ ಒಮ್ಮೆ ಕೈಜಾರಿತೆಂದರೆ ಅಷ್ಟೂ ಬಾವಿಯ ಪಾಲು. ಕೆಳಗೆ ಬಿದ್ದ ಪೈಪನ್ನು ಗಾಳ ಹಾಕಿ ಎತ್ತುವ ಉಪಕರಣ ಹತ್ತಿರದಲ್ಲಿಲ್ಲದಿದ್ದರೆ ಒಳ್ಳೆಯ ಬೋರ್‌ವೆಲ್ಲನ್ನೇ ಕೈಬಿಡುತ್ತಾರೆ. ಪುಡಿಗಾಸಿನ ವಾಷರಿಗೆ ಇಡೀ ಬಾವಿ ಬಲಿ.

ಈ ತೊಡಕನ್ನು ಕಂಡೇ ಮಾರ್ಕ್ 3 ಬಂತು. ಅದರ ಪೈಪು ಅಗಲವಾಗಿದ್ದು, ಪೈಪನ್ನು ಅಲ್ಲಾಡಿಸದೆ ರಾಡು ಹಿಡಿದು ಪಿಸ್ಟನ್ ಮಾತ್ರ ಮೇಲೆತ್ತಬಹುದು. 1980ರ ದಶಕದಲ್ಲಿ ಮಲಾವಿ, ಕೀನ್ಯಾಗಳಲ್ಲಿ ಬೆಳೆದ ಆಫ್ರಿಡೆವ್ ಕೂಡ ಅದೇ ದಾರಿಯದು: ಹಗುರ ಪ್ಲಾಸ್ಟಿಕ್ ಪೈಪು, ಕೊಂಡಿಯಂತೆ ಸಿಕ್ಕಿಸುವ ರಾಡು, ನಿತ್ಯದ ರಿಪೇರಿಗೆ ಬೆರಳೆಣಿಕೆಯ ಉಪಕರಣ. ಊರಿನವರೇ ರಿಪೇರಿ ಮಾಡಿಕೊಳ್ಳಲಿ ಎಂಬುದು ಆಶಯ. ಒಳ್ಳೆಯ ಆಶಯವೇ. ಅದನ್ನು ಓದಿಕೊಂಡ ರೀತಿ ಮಾತ್ರ ಕೆಟ್ಟದ್ದು. ಊರಿನವರು ಮಾಡಿಕೊಳ್ಳುತ್ತಾರೆ ಎಂದರೆ ಪುಕ್ಕಟೆ ಮಾಡಿಕೊಳ್ಳುತ್ತಾರೆ ಎಂದು ಅರ್ಥ ಹಚ್ಚಿ, ಸಮಿತಿಯೊಂದನ್ನು ಕೂರಿಸಿ, ಎರಡು ದಿನದ ತರಬೇತಿ ಕೊಟ್ಟು, ಒಂದು ಪೆಟ್ಟಿಗೆ ಸ್ಪ್ಯಾನರ್ ಒಪ್ಪಿಸಿ ಕೈತೊಳೆದುಕೊಂಡರು.

ಅದರ ಫಲ ಲೆಕ್ಕದಲ್ಲಿದೆ. 1981ರಿಂದ 1990ರ ಅವಧಿಯನ್ನು ವಿಶ್ವಸಂಸ್ಥೆ ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕವೆಂದು ಸಾರಿತ್ತು. ಆ ಬಳಿಕವೂ ಪಂಪುಗಳು ಸಾಲುಸಾಲಾಗಿ ಬಂದವು. ಸಹಾರಾ ಮರುಭೂಮಿಯ ದಕ್ಷಿಣದ ಇಪ್ಪತ್ತು ದೇಶಗಳ ಮಾಹಿತಿಯನ್ನು ಗ್ರಾಮೀಣ ನೀರು ಪೂರೈಕೆಯ ಅಂತರರಾಷ್ಟ್ರೀಯ ಜಾಲವಾದ ರೂರಲ್ ವಾಟರ್ ಸಪ್ಲೈ ನೆಟ್‌ವರ್ಕ್ 2009ರಲ್ಲಿ ಕಲೆಹಾಕಿ ನೋಡಿದಾಗ ನೂರಕ್ಕೆ ಸುಮಾರು 36 ಕೈಪಂಪುಗಳು ಕೆಟ್ಟು ನಿಂತಿದ್ದವು. ಮೂರರಲ್ಲಿ ಒಂದು! ಅದೇ ಊರುಗಳಲ್ಲಿ ಕೆಲಸವಿಲ್ಲದ ಹುಡುಗ ಹುಡುಗಿಯರೂ ಇದ್ದರು. ಇವೆರಡನ್ನು ಒಂದೇ ಹಾಳೆಯಲ್ಲಿ ಬರೆದು ನೋಡುವ ಮನಸ್ಸು ಯಾವ ಕಚೇರಿಗೂ ಬರಲಿಲ್ಲ ಎನ್ನುವುದು ಅನ್ಯಾಯದ ಮಾತಾದೀತು, ಕೆಲವರಿಗೆ ಬಂತು. ಕೀನ್ಯಾದ ಕ್ಯೂಸೊ ಪ್ರದೇಶದಲ್ಲಿ 2013ರಲ್ಲಿ ನಡೆದ ಪ್ರಯೋಗದಲ್ಲಿ ಪಂಪಿನ ಹಿಡಿಗೆ ಸಣ್ಣದೊಂದು ಸಾಧನ ಕೂರಿಸಿ, ಹಿಡಿ ಆಡುತ್ತಿದೆಯೇ ಎಂಬುದು ಮೊಬೈಲ್ ಜಾಲದ ಮೂಲಕ ಗೊತ್ತಾಗುವಂತೆ ಮಾಡಿದರು. ರಿಪೇರಿಗೆಂದೇ ಸಂಬಳದ ತಂಡ ಇಟ್ಟರು. ಕೆಟ್ಟ ಪಂಪು ಸರಿಯಾಗಲು ಸರಾಸರಿ 27 ದಿನ ಹಿಡಿಯುತ್ತಿದ್ದುದು ಮೂರು ದಿನಕ್ಕೂ ಕಡಿಮೆಗೆ ಇಳಿಯಿತು. ಆ ಸಾಧನಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದು ಸಂಬಳ ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಎಷ್ಟು ಉದ್ಯೋಗ? ಇಲ್ಲಿ ನಾವು ನಿಮ್ಮನ್ನು ಸ್ವಲ್ಪ ನಿರಾಶೆಗೊಳಿಸಬೇಕಾಗುತ್ತದೆ. ಅರವತ್ತು ಕೈಪಂಪುಗಳಿರುವ ಪ್ರದೇಶ ಎಂದಿಟ್ಟುಕೊಳ್ಳಿ. ಪ್ರತಿ ಪಂಪನ್ನೂ ಮೂರು ತಿಂಗಳಿಗೊಮ್ಮೆ ನೋಡಬೇಕು. ವರ್ಷಕ್ಕೆ 240 ಭೇಟಿ. ದಿನಕ್ಕೆ ಎರಡು ಮುಗಿದರೆ 120 ದಿನ. ಪ್ರತಿ ಪಂಪು ವರ್ಷಕ್ಕೆ ಎರಡು ಸಲ ಕೈಕೊಡುತ್ತದೆ, ಒಂದೊಂದಕ್ಕೂ ಒಂದು ದಿನ ಎಂದರೆ ಮತ್ತೆ 120 ದಿನ. ಒಟ್ಟು 240 ಕೆಲಸದ ದಿನ, ಅಂದರೆ ಇಬ್ಬರ ಒಂದು ತಂಡಕ್ಕೆ ಪೂರ್ತಿ ವರ್ಷದ ಕೆಲಸ. ಆಳದ ಮಾರ್ಕ್ 2 ಪಂಪು ಎತ್ತುವ ದಿನ ಇನ್ನಿಬ್ಬರು ಕೈಜೋಡಿಸಬೇಕು. ರಸ್ತೆ ಕೆಟ್ಟಿದ್ದರೆ, ಊರುಗಳು ದೂರವಿದ್ದರೆ ಅರವತ್ತು ನಲವತ್ತಕ್ಕೆ ಇಳಿಯುತ್ತದೆ. ಹೀಗೆ ಆರುನೂರು ಪಂಪುಗಳಿಗೆ ಇಪ್ಪತ್ತು ಇಪ್ಪತ್ತೈದು ಮೆಕ್ಯಾನಿಕ್‌ಗಳು, ಜೊತೆಗೆ ಬಿಡಿಭಾಗದ ಉಗ್ರಾಣ ನೋಡುವವರು, ನೀರು ಪರೀಕ್ಷೆ ಮಾಡುವವರು, ಲೆಕ್ಕ ಬರೆಯುವವರು. ಮೂವತ್ತೈದು ದಾಟುವುದು ಕಷ್ಟ. ಸಾವಿರಾರು ಎಂದು ವೇದಿಕೆಯಲ್ಲಿ ಘೋಷಿಸಲು ಈ ಅಂಕಿ ಒದಗುವುದಿಲ್ಲ. ಆದರೆ ಈ ಮೂವತ್ತೈದು ಕೆಲಸಗಳು ಮುಂದಿನ ವರ್ಷವೂ ಇರುತ್ತವೆ, ಹತ್ತು ವರ್ಷ ಬಿಟ್ಟು ಬಂದರೂ ಇರುತ್ತವೆ. ಸಾವಿರ ಜನರಿಗೆ ತೊಂಬತ್ತು ದಿನದ ಕೂಲಿಯನ್ನೂ ಇದನ್ನೂ ಒಂದೇ ಕಾಲಂನಲ್ಲಿ ಬರೆಯಬೇಡಿ.

ಮೂರು ತಿಂಗಳ ಭೇಟಿಯಲ್ಲಿ ಏನು ಮಾಡುತ್ತಾರೆ ಎಂದು ಕೇಳುವವರಿಗಾಗಿ ಇಷ್ಟು. ಮೊದಲು ಒಂದು ನಿಮಿಷದಲ್ಲಿ 40 ಸಲ ಹಿಡಿ ಒತ್ತಿ ಬಕೆಟ್ಟಿಗೆ ನೀರು ಹಿಡಿಯಬೇಕು. ಮಾರ್ಕ್ 2ರಲ್ಲಿ ಹನ್ನೆರಡು ಲೀಟರಿಗಿಂತ ತೀರಾ ಕಡಿಮೆ ಬಂದರೆ ಕಪ್ ವಾಷರ್ ಸವೆದಿದೆ, ಇಲ್ಲವೇ ಬಾವಿಯ ನೀರಿನ ಮಟ್ಟವೇ ಇಳಿದಿದೆ. ಎರಡರಲ್ಲಿ ಯಾವುದೆಂದು ಟೇಪು ಇಳಿಬಿಟ್ಟು ಮಟ್ಟ ಅಳೆದರೆ ತಿಳಿಯುತ್ತದೆ. ಆಮೇಲೆ ಅರ್ಧ ಗಂಟೆ ಪಂಪನ್ನು ಸುಮ್ಮನೆ ಬಿಟ್ಟು ಮತ್ತೆ ಒತ್ತಬೇಕು. ಐದು ಒತ್ತಿನೊಳಗೆ ನೀರು ಬಾರದಿದ್ದರೆ ಪೈಪಿನ ಜಾಯಿಂಟಿನಲ್ಲಿ ಅಥವಾ ತಳದ ವಾಲ್ವ್‌ನಲ್ಲಿ ಸೋರಿಕೆ ಇದೆ. ಆ ಅರ್ಧ ಗಂಟೆಯಲ್ಲಿ ಚೈನಿಗೆ ಗ್ರೀಸು, ಬೋಲ್ಟುಗಳಿಗೆ ಬಿಗಿ, ಕಾಂಕ್ರೀಟ್ ಕಟ್ಟೆಯಲ್ಲಿ ಬಿರುಕಿದೆಯೇ ಎಂದು ನೋಟ. ಬಿರುಕು ಸಣ್ಣದೆಂದು ಬಿಡುವಂತಿಲ್ಲ, ಕಟ್ಟೆಯ ಮೇಲೆ ಚೆಲ್ಲಿದ ಕೊಳಕು ನೀರು ಅದೇ ದಾರಿಯಲ್ಲಿ ಬಾವಿಗೆ ವಾಪಸ್ಸಾಗುತ್ತದೆ. ನೀರಿನ ಬಣ್ಣ ಕೆಂಪಗಿದ್ದರೆ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಎಂಬುದನ್ನು, ಅಳೆಯಬೇಕು. 6.5ಕ್ಕಿಂತ ಕಡಿಮೆ ಇರುವ ಕಡೆ ಜಿಐ ಪೈಪು ತುಕ್ಕು ಹಿಡಿದು ಬೇಗ ತೂತಾಗುತ್ತದೆ. ಅಂಥ ಕಡೆ ಮತ್ತೆ ಮತ್ತೆ ಜಿಐ ಪೈಪನ್ನೇ ಹಾಕಿಸುವುದು ರಿಪೇರಿಯೂ ಅಲ್ಲ, ಉದ್ಯೋಗವೂ ಅಲ್ಲ, ದುಡ್ಡಿನ ದಂಡ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲು ಅಥವಾ ಪ್ಲಾಸ್ಟಿಕ್ ಪೈಪಿಗೆ ಬದಲಿಸಬೇಕು.

ಕೊಳಾಯಿ ಯೋಜನೆಗಳಲ್ಲಿ ಕೆಲಸ ಇನ್ನೂ ಹೆಚ್ಚು, ಇನ್ನೂ ಸೂಕ್ಷ್ಮ. ಇದನ್ನು ನೋಡಿಕೊಳ್ಳುವ ನೀರಗಂಟಿಯನ್ನು ಸ್ವಿಚ್ಚು ಹಾಕುವವನು, ವಾಲ್ವ್ ತಿರುಗಿಸುವವನು ಎಂದು ಕಾಣುವುದು ರೂಢಿ. ಅವನಿಗೆ ಕೊಡುವ ಗೌರವಧನವೂ ಆ ಎಣಿಕೆಗೆ ತಕ್ಕಂತೆಯೇ ಇರುತ್ತದೆ. ಅವನಿಂದ ನೀವು ನಿರೀಕ್ಷಿಸಬೇಕಾದ್ದನ್ನು ಕೇಳಿ. ಪ್ಯಾನೆಲ್ ಬೋರ್ಡಿನಲ್ಲಿ ಆಂಪಿಯರ್ ಮುಳ್ಳು ದಿನವೂ ಎಲ್ಲಿ ನಿಲ್ಲುತ್ತದೆ ಎಂದು ಬರೆದಿಡಬೇಕು. ಆಂಪಿಯರೂ ಇಳಿದು ನೀರೂ ಕಡಿಮೆಯಾದರೆ ಬಾವಿಯಲ್ಲಿ ನೀರು ಸಾಲದೆ ಪಂಪು ಗಾಳಿ ಎಳೆಯುತ್ತಿದೆ. ಅದೇ ಸ್ಥಿತಿಯಲ್ಲಿ ಓಡಿಸಿದರೆ ಮೋಟಾರು ಸುಡುತ್ತದೆ. ಆಂಪಿಯರ್ ಏರಿದರೆ ವೋಲ್ಟೇಜು ಕುಸಿದಿರಬೇಕು, ಇಲ್ಲವೇ ಬೇರಿಂಗು ಬಿಗಿಯುತ್ತಿರಬೇಕು. ಮೋಟಾರು ಸುಡುವುದು ಒಂದು ರಾತ್ರಿಯ ಮಾತಾದರೂ ಅದರ ಸುಳಿವು ವಾರಗಳ ಮುಂಚೆಯೇ ಆ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ಬರೆಯುವವರೂ ಓದುವವರೂ ಇದ್ದರೆ ಮಾತ್ರ.

ಸೋರಿಕೆಯ ಲೆಕ್ಕವೂ ಅವನದೇ. ರಾತ್ರಿ ಮನೆಗಳ ನಲ್ಲಿಗಳೆಲ್ಲ ಮುಚ್ಚಿರುವ ಹೊತ್ತಿನಲ್ಲಿ ಟ್ಯಾಂಕಿಗೆ ನೀರು ಬರುವುದನ್ನು ನಿಲ್ಲಿಸಿ ಮಟ್ಟ ಗುರುತು ಹಾಕಬೇಕು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಟ್ಯಾಂಕಿನಲ್ಲಿ ಗಂಟೆಗೆ ಐದು ಸೆಂಟಿಮೀಟರ್ ಇಳಿಯಿತೆಂದರೆ 200 ಲೀಟರ್ ಎಲ್ಲಿಗೋ ಹೋಯಿತು. ಆಮೇಲೆ ಒಂದೊಂದೇ ಕವಲಿನ ವಾಲ್ವ್ ಮುಚ್ಚುತ್ತ ಬಂದರೆ ಯಾವ ಬೀದಿಯನ್ನು ಮುಚ್ಚಿದಾಗ ಇಳಿತ ನಿಂತಿತೋ ಅಲ್ಲಿದೆ ಕಳ್ಳ. ನಿಮಿಷಕ್ಕೆ ಒಂದೇ ಲೀಟರ್ ಸೋರುವ ಜಾಯಿಂಟು ದಿನಕ್ಕೆ 1,440 ಲೀಟರ್ ನುಂಗುತ್ತದೆ. ತೀರಾ ಕನಿಷ್ಠವೆಂದು ತಲೆಗೆ 20 ಲೀಟರ್ ಹಿಡಿದರೂ ಅದು 72 ಜನರ ಪಾಲಿನ ನೀರು. ಹೊಸ ಬೋರ್‌ವೆಲ್ ಕೊರೆಸುವ ಮೊದಲು ಇಬ್ಬರು ಯುವಕರಿಗೆ ಒಂದು ತಿಂಗಳ ಸಂಬಳ ಕೊಟ್ಟು ರಾತ್ರಿ ಸೋರಿಕೆ ಹುಡುಕಿಸಿ ಎಂದು ನಾವು ಹೇಳುವುದು ಇದಕ್ಕೇ. ಬೋರ್‌ವೆಲ್ಲಿಗೆ ಪೂಜೆ, ಫೋಟೊ ಉಂಟು. ಸೋರಿಕೆ ನಿಲ್ಲಿಸಿದ್ದಕ್ಕೆ ಏನೂ ಇಲ್ಲ, ಆ ಕಷ್ಟ ನಮಗೂ ಅರ್ಥವಾಗುತ್ತದೆ.

ಕ್ಲೋರಿನ್ ಹಾಕುವುದು ಎಲ್ಲಕ್ಕಿಂತ ಹೆಚ್ಚು ಉಡಾಫೆಗೆ ಗುರಿಯಾದ ಕೆಲಸ. 20,000 ಲೀಟರ್ ಟ್ಯಾಂಕಿಗೆ ಲೀಟರಿಗೆ ಎರಡು ಮಿಲಿಗ್ರಾಂ ಪ್ರಮಾಣದಲ್ಲಿ 40 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರಿನಲ್ಲಿ ನೂರಕ್ಕೆ 33 ಪಾಲು ಕ್ಲೋರಿನ್ ಇದ್ದರೆ ಅದು ಸುಮಾರು 120 ಗ್ರಾಂ ಪುಡಿ. ಬಾಯಿ ತೆರೆದ ಚೀಲದಲ್ಲಿ, ಬಿಸಿಲು ಬೀಳುವ ಪಂಪ್‌ಹೌಸಿನಲ್ಲಿ ಕೂತ ಪುಡಿಯ ಸತ್ವ 20ಕ್ಕೆ ಇಳಿದಿದ್ದರೆ 200 ಗ್ರಾಂ ಬೇಕಾಗುತ್ತದೆ. ಹಳೆಯ ಡಬ್ಬಿಯ ಅಳತೆಯಲ್ಲೇ ಹಾಕಿದರೆ ಪುಸ್ತಕದಲ್ಲಿ ಕ್ಲೋರಿನ್ ಹಾಕಲಾಗಿದೆ ಎಂದಿರುತ್ತದೆ, ನೀರಿನಲ್ಲಿ ಇರುವುದಿಲ್ಲ. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಸಿ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಅರ್ಧ ಗಂಟೆ ಕಳೆದ ಮೇಲೆ ನೀರು ಬಿಡಬೇಕು. ಸಾಲಿನ ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದಿದೆಯೇ ಎಂದು ಮಾತ್ರೆ ಕರಗಿಸಿ ಗುಲಾಬಿ ಬಣ್ಣ ನೋಡಿದರೆ ತಿಳಿಯುತ್ತದೆ. ಟ್ಯಾಂಕಿನ ಕೆಳಗಿನ ಮೊದಲ ನಲ್ಲಿಯಲ್ಲಿ ಪರೀಕ್ಷಿಸಿ ಬರೆದುಕೊಂಡು ಹೋಗುವುದು ಸುಲಭ, ಅದರಿಂದ ಪ್ರಯೋಜನವಿಲ್ಲ. ಇಷ್ಟಕ್ಕೂ ದಿನಕ್ಕೆ ಒಂದು ಗಂಟೆ ಸಾಕು. ಹತ್ತು ಊರುಗಳನ್ನು ಸೇರಿಸಿದರೆ ಅದೇ ಒಂದು ಪೂರ್ಣಾವಧಿ ಕೆಲಸ.

ನೀರಿನ ಪರೀಕ್ಷೆಯನ್ನು ಒಂದೇ ಸಲದ ಅಭಿಯಾನವಾಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶವನ್ನು ನೋಡಿ. ಕೆರೆಕುಂಟೆಯ ನೀರಿನಿಂದ ಭೇದಿ ಹರಡುತ್ತದೆಂದು ಕೊಳವೆಬಾವಿಗಳತ್ತ ಜನರನ್ನು ತಿರುಗಿಸಿದರು. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇರುವುದು ಪತ್ತೆಯಾಯಿತು. ಈ ಶತಮಾನದ ಆರಂಭದಲ್ಲಿ ಸುಮಾರು ಐವತ್ತು ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಕುಡಿಯಬಾರದ್ದಕ್ಕೆ ಕೆಂಪು, ಕುಡಿಯಬಹುದಾದ್ದಕ್ಕೆ ಹಸಿರು ಬಣ್ಣ ಬಳಿದರು. ದೊಡ್ಡ ಕೆಲಸ, ಸಾವಿರಾರು ಕೈಗಳು ದುಡಿದವು. ಆದರೆ ಬಣ್ಣ ಮಾಸಿತು, ಹೊಸ ಬಾವಿಗಳು ಪರೀಕ್ಷೆಯಿಲ್ಲದೆ ಎದ್ದವು. ಅಭಿಯಾನ ಮುಗಿದಿತ್ತು, ಪರೀಕ್ಷಿಸುವವರ ಕೆಲಸವೂ ಮುಗಿದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ, ಫ್ಲೋರೈಡ್ 1.5, ನೈಟ್ರೇಟ್ 50 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರ್ ನೀರಿನಲ್ಲಿ ಮಲ ಸೇರಿದೆ ಎಂದು ತೋರಿಸುವ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಇರಬಾರದು. ಇವುಗಳಲ್ಲಿ ಮೊದಲ ಹಂತದ ಪರೀಕ್ಷೆಗಳನ್ನು ಹತ್ತನೇ ತರಗತಿ ಓದಿದ ಯಾರಾದರೂ ಕಿಟ್ ಹಿಡಿದು ಮಾಡಲು ಕಲಿಯಬಹುದು. ಸಂಶಯ ಬಂದದ್ದನ್ನು ಮಾತ್ರ ಪ್ರಯೋಗಾಲಯಕ್ಕೆ ಕಳಿಸಿದರಾಯಿತು.

ಸೌರ ಪಂಪುಗಳ ಬಗ್ಗೆ ಒಂದೇ ಮಾತು. ದಿನಕ್ಕೆ 20,000 ಲೀಟರನ್ನು 50 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಲೆಕ್ಕದಲ್ಲಿ 2.7 ಯೂನಿಟ್. ಪಂಪು, ಮೋಟಾರಿನ ನಷ್ಟ ಸೇರಿಸಿದರೆ ಆರರ ಆಸುಪಾಸು. ಐದು ಗಂಟೆಯ ಒಳ್ಳೆಯ ಬಿಸಿಲಿಗೆ, ಧೂಳು ಮತ್ತು ಕಾವಿನಿಂದಾಗುವ ನಷ್ಟವನ್ನೂ ಹಿಡಿದರೆ ಒಂದೂವರೆ ಕಿಲೋವ್ಯಾಟಿನ ಫಲಕಗಳು. ಇಷ್ಟು ಲೆಕ್ಕ ಹಾಕಬಲ್ಲ ಒಬ್ಬ ಸ್ಥಳೀಯ ತಂತ್ರಜ್ಞನಿದ್ದರೆ, ಮಾರುವವರು ಹೇಳಿದ್ದನ್ನೇ ನಂಬಿ ಎರಡು ಪಟ್ಟು ದೊಡ್ಡ ಯಂತ್ರ ಕೊಳ್ಳುವುದು ತಪ್ಪುತ್ತದೆ. ಸೌರ ಪಂಪಿಗೆ ನಿರ್ವಹಣೆಯೇ ಬೇಡ ಎನ್ನುವವರನ್ನು ಧೂಳು ಮೆತ್ತಿದ ಫಲಕದ ಮುಂದೆ ಒಮ್ಮೆ ನಿಲ್ಲಿಸಬೇಕು.

ತರಬೇತಿಯ ಕುರಿತು ನಮ್ಮದು ಕಟುವಾದ ದೂರು. ಎರಡು ದಿನ ಸಭಾಂಗಣದಲ್ಲಿ ಕೂರಿಸಿ, ಪರದೆಯ ಮೇಲೆ ಪಂಪಿನ ಚಿತ್ರ ತೋರಿಸಿ, ಪ್ರಮಾಣಪತ್ರ ಕೊಡುವುದನ್ನು ನಿಲ್ಲಿಸಿ. ಈ ಕೆಲಸ ಕೈಗೆ ಹತ್ತುವುದು ಕೈಯಿಂದಲೇ. ಆರು ತಿಂಗಳು ಅನುಭವಿ ತಂಡದ ಜೊತೆ ತಿರುಗಲಿ, ಆ ಆರು ತಿಂಗಳೂ ಭತ್ಯೆ ಸಿಗಲಿ. ಕನಿಷ್ಠ ಹನ್ನೆರಡು ಪಂಪುಗಳನ್ನು ಎತ್ತಿ ಇಳಿಸುವುದರಲ್ಲಿ ಕೈಜೋಡಿಸಿರಲಿ, ಒಡೆದ ಪೈಪನ್ನು ನೀರು ಚಿಮ್ಮುತ್ತಿರುವಾಗಲೇ ಕಟ್ಟಿ ನೋಡಿರಲಿ. ಪರೀಕ್ಷೆ ಎಂದರೆ ಒಂದೇ: ಕೆಟ್ಟ ಪಂಪಿನ ಮುಂದೆ ಉಪಕರಣ ಕೊಟ್ಟು ನಿಲ್ಲಿಸಿ, ಸರಿಮಾಡಿ ಬಕೆಟ್ಟು ತುಂಬಿಸಿದರೆ ಪಾಸು. ಸುರಕ್ಷತೆಯನ್ನು ಮೊದಲ ವಾರವೇ ಕಲಿಸಬೇಕು. ತೋಡುಬಾವಿಯ ಒಳಗೆ ಎಂದಿಗೂ ಪೆಟ್ರೋಲ್ ಎಂಜಿನ್ ಇಳಿಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಕೆಳಗಿಳಿದವನನ್ನು ಎತ್ತಲು ಹೋದವನೂ ಸಾಯುತ್ತಾನೆ. ದೀಪ ಇಳಿಬಿಟ್ಟು ನೋಡುವ ಹಳೆಯ ಉಪಾಯ ಈ ಅನಿಲವನ್ನು ಹಿಡಿಯುವುದಿಲ್ಲ. ಬ್ಲೀಚಿಂಗ್ ಪೌಡರನ್ನು ಆಸಿಡ್ ಡಬ್ಬಿಯ ಪಕ್ಕ ಇಡಬಾರದು. ಮೋಟಾರಿಗೆ ಕೈಹಾಕುವ ಮುನ್ನ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವನೇ ಜೇಬಿನಲ್ಲಿಟ್ಟುಕೊಳ್ಳಬೇಕು.

ಈ ಕೆಲಸಕ್ಕೆ ಹೆಣ್ಣುಮಕ್ಕಳು ಒದಗುವುದಿಲ್ಲ ಎಂಬ ಮಾತನ್ನು ಇನ್ನೂ ಕೇಳುತ್ತೇವೆ. ಉತ್ತರ ಪ್ರದೇಶದ ಬಾಂದಾದಲ್ಲಿ ಮಹಿಳಾ ಸಮಾಖ್ಯಾ ಎಂಬ ಸರ್ಕಾರಿ ಮಹಿಳಾ ಶಿಕ್ಷಣ ಕಾರ್ಯಕ್ರಮದಡಿ, ಓದುಬರಹ ಬಾರದಿದ್ದ ಮಹಿಳೆಯರೇ 1990ರ ದಶಕದಲ್ಲಿ ಕೈಪಂಪು ಮೆಕ್ಯಾನಿಕ್‌ಗಳಾದರು, ರಿಪೇರಿಯ ಲೆಕ್ಕ ಬರೆಯಬೇಕೆಂದು ಅಕ್ಷರವನ್ನೂ ಕಲಿತರು. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ ಎಂಬ ಗಾದೆ ನಮ್ಮಲ್ಲಿದೆ. ಪಂಪಿನ ಸದ್ದು ಬದಲಾದದ್ದು ಮೊದಲು ಕಿವಿಗೆ ಬೀಳುವುದು ದಿನಕ್ಕೆ ಮೂರು ಸಲ ಅಲ್ಲಿಗೆ ಹೋಗುವವರಿಗೆ. ಭಾರ ಎತ್ತುವುದು ಕಷ್ಟವಾದರೆ ಕಪ್ಪಿಯಿರುವ ಮುಕ್ಕಾಲಿ ಕೊಡಿ. ಗಂಡಸರ ಸೊಂಟಕ್ಕೂ ಅದು ಒಳ್ಳೆಯದು.

ಬಿಡಿಭಾಗಗಳ ವಿಷಯದಲ್ಲಿ ನಡೆಯುತ್ತಿರುವುದು ಯುದ್ಧಕಾಲದ ಶಸ್ತ್ರಾಭ್ಯಾಸ. ಪಂಪು ಕೆಟ್ಟ ಮೇಲೆ ದರಪಟ್ಟಿ ಕರೆದು, ಮೂರು ಕೊಟೇಷನ್ ತರಿಸಿ, ಸಹಿ ಬಿದ್ದು ವಾಷರ್ ಬರುವ ಹೊತ್ತಿಗೆ ಜನ ಹೊಂಡದ ನೀರಿಗೆ ಮರಳಿರುತ್ತಾರೆ. ಅರವತ್ತು ಪಂಪುಗಳ ಒಂದು ತಂಡದ ಉಗ್ರಾಣದಲ್ಲಿ ವರ್ಷದ ಆರಂಭದಲ್ಲೇ ಪಂಪಿಗೊಂದು ಜೊತೆಯ ಮೇಲೆ ಇನ್ನಷ್ಟು ಕಪ್ ವಾಷರ್, ಹತ್ತು ಚೈನು, ಇಪ್ಪತ್ತರಷ್ಟು ಪೈಪು ಮತ್ತು ರಾಡು, ಬೇರಿಂಗು, ತಳದ ವಾಲ್ವ್‌ನ ರಬ್ಬರು, ಬೋಲ್ಟು ನಟ್ಟು, ಗ್ರೀಸು ಇರಬೇಕು. ಒಂದೇ ಪ್ರದೇಶದಲ್ಲಿ ನಾಲ್ಕು ಬಗೆಯ ಪಂಪು ಹಾಕಿಸಿದರೆ ಈ ಪಟ್ಟಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಪಂಪು ದಾನ ಮಾಡಲು ಬರುವವರಿಗೆ ದಯವಿಟ್ಟು ಹೇಳಿ.

ಇನ್ನು ಸಂಬಳ. ರಿಪೇರಿಗೊಂದು ಕೂಲಿ ಎಂದು ಕೊಟ್ಟರೆ ಪಂಪು ಹೆಚ್ಚು ಸಲ ಕೆಟ್ಟಷ್ಟೂ ಮೆಕ್ಯಾನಿಕ್ಕಿಗೆ ಲಾಭ. ಇದು ಅವನ ಕೆಟ್ಟತನವಲ್ಲ, ನಿಮ್ಮ ಕರಾರಿನದು. ತಿಂಗಳಿಗೆ ಸ್ಥಿರ ಸಂಬಳ ಕೊಡಿ, ಅದರ ಮೇಲೆ ಪಂಪುಗಳು ನಿಲ್ಲದೆ ನಡೆದ ದಿನಗಳಿಗೆ ತಕ್ಕಂತೆ ಪ್ರೋತ್ಸಾಹಧನ ಕೊಡಿ. ಕೆಟ್ಟದ್ದು ತಿಳಿದ ಮೂರು ದಿನದೊಳಗೆ ಸರಿಯಾಗದಿದ್ದರೆ ಆ ಪಂಪಿನ ಪಾಲಿನ ಪ್ರೋತ್ಸಾಹಧನ ಕಡಿತವಾಗಲಿ. ಬಿಡಿಭಾಗ ನೀವು ಒದಗಿಸದೆ ತಡವಾದದ್ದಕ್ಕೆ ಕಡಿತ ಮಾಡುವ ಹಾಗಿಲ್ಲ, ಇದೂ ಕರಾರಿನಲ್ಲೇ ಇರಲಿ. ಬಳಕೆದಾರರ ವಂತಿಗೆಯೊಂದರಿಂದಲೇ ಈ ಸಂಬಳ ಹುಟ್ಟುತ್ತದೆ ಎಂದು ನಂಬಬೇಡಿ. ಮಳೆಗಾಲದಲ್ಲಿ ಬೇರೆ ನೀರು ಸಿಗುವುದರಿಂದ ವಂತಿಗೆ ಸೊರಗುತ್ತದೆ, ಮೆಕ್ಯಾನಿಕ್ಕಿನ ಮನೆಯ ಒಲೆ ಮಳೆಗಾಲದಲ್ಲೂ ಉರಿಯಬೇಕು.

ನಮ್ಮ ಕೋರಿಕೆ ಹೊಸ ಹಣಕ್ಕಲ್ಲ. ಮಂಜೂರಾಗುವ ಪ್ರತಿ ಯೋಜನೆಯ ಪತ್ರದಲ್ಲಿ ಕಾಮಗಾರಿಯ ಮೊತ್ತದ ಪಕ್ಕದಲ್ಲೇ ಮುಂದಿನ ಹತ್ತು ವರ್ಷದ ನಿರ್ವಹಣೆಯ ಸಂಬಳ ಮತ್ತು ಬಿಡಿಭಾಗದ ಮೊತ್ತವನ್ನೂ, ಅದು ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬುದನ್ನೂ ಬರೆಯಿರಿ. ಬರೆಯಲಾಗದ ಯೋಜನೆಗೆ ಸಹಿ ಹಾಕಬೇಡಿ. ಅದರ ಬದಲು ಈಗಾಗಲೇ ಕೆಟ್ಟು ನಿಂತಿರುವ ಪಂಪುಗಳ ಪಟ್ಟಿಯನ್ನು ಕಾರಣ ಸಹಿತ, ಅಂದರೆ ವಾಷರ್, ಪೈಪು, ನೀರಿನ ಮಟ್ಟ, ನೀರಿನ ಗುಣ ಎಂದು ವಿಂಗಡಿಸಿ, ಮೂರು ತಿಂಗಳಲ್ಲಿ ತಯಾರಿಸಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಆ ಪಟ್ಟಿ ಮಾಡಲು ಟೇಪು, ಬಕೆಟ್ಟು, ಗಡಿಯಾರ ಹಿಡಿದು ಹೊರಡುವ ಯುವಜನರೇ ಮೊದಲ ತಂಡವಾಗಲಿ. ಪಟ್ಟಿ ಮುಗಿಯುವಷ್ಟರಲ್ಲಿ ಯಾರು ಕೆಲಸ ಕಲಿಯಬಲ್ಲರು, ಯಾರು ಸುಳ್ಳು ಅಂಕಿ ಬರೆಯುತ್ತಾರೆ ಎಂಬುದೂ ನಿಮಗೆ ತಿಳಿದಿರುತ್ತದೆ.

ತಂಡಗಳಿಗೆ ಕಲಿಸಲು ನಮ್ಮಲ್ಲಿ ಮಂದಿ ಇದ್ದಾರೆ. ಪಟ್ಟಿಯ ನಮೂನೆ, ಭೇಟಿಯ ಪುಸ್ತಕದ ಮಾದರಿ, ಉಪಕರಣಗಳ ವಿವರ ಕೇಳಿದರೆ ಕೊಡುತ್ತೇವೆ. ಈ ಪತ್ರಕ್ಕೆ ಉತ್ತರವನ್ನೂ ಬಹಿರಂಗವಾಗಿಯೇ ಕೊಡಬೇಕೆಂದು ವಿನಂತಿ.

ಇಂತಿ,
ತಮ್ಮ ವಿಶ್ವಾಸಿಗಳು,
ಪಂಪು ಮೆಕ್ಯಾನಿಕ್‌ಗಳು, ನೀರಗಂಟಿಗಳು ಮತ್ತು ತರಬೇತುದಾರರು